ಈಚೆ ದಡದಲ್ಲಿ ಹೊಲಿಗೆ ಮಿಷನ್

ಇವತ್ತು ಆ ಚಿತ್ರ ಬರೆಯದೆ ಬಿಟ್ಟರೆ ಯಾರಾದರೂ ಕೇಳುತ್ತಾರೆಯೇ? ಕೇಳಲಿಕ್ಕಿಲ್ಲ. ಹೊಸದಾಗಿ ಕಾಲೇಜಿಗೆ ಸೇರಿದವರಿಗೆ ಅಂಥದೊಂದು ಚಿತ್ರವಿದೆಯೆಂದೇ ಗೊತ್ತಿಲ್ಲ. ಹಳಬರು ಅದನ್ನು ಎಷ್ಟು ಸಲ ನೋಡಿದ್ದಾರೆಂದರೆ ಒಂದು ದಿನ ತಪ್ಪಿದರೆ ಒಳಗೊಳಗೇ ಖುಷಿಪಟ್ಟಾರು. ಬರೆಯದಿದ್ದರೆ ಮಾತ್ರ ಯಾಕೆ ಬರೆಯಲಿಲ್ಲವೆಂದು ತನಗೆ ತಾನೇ ಜವಾಬು ಕೊಟ್ಟುಕೊಳ್ಳಬೇಕು. ಬರೆದರೆ ಆ ಗೋಜಿಲ್ಲ, ಕೈ ತಾನಾಗಿ ಬರೆಯುತ್ತದೆ, ಬಾಯಿ ತಾನಾಗಿ ಹೇಳುತ್ತದೆ. ಅವನು ಡಸ್ಟರು ಹಿಡಿದು ಗಣಿತ ವಿಭಾಗದ ಆ ಕೊಠಡಿಯ ಬೋರ್ಡಿನ ಮುಂದೆ ನಿಂತಿದ್ದ. ಬೆಳಗಿನ ತರಗತಿಯ ಸಮೀಕರಣಗಳು ಹಾಗೇ ಇದ್ದವು. ಬಲ ಮೂಲೆಯಲ್ಲಿ ಪ್ರೊಫೆಸರು ಒಂದು ಚೌಕ ಎಳೆದು, ಒಳಗೆ ಅರ್ಧ ಮುಗಿದ ಲೆಕ್ಕವೊಂದನ್ನು ಬಿಟ್ಟು, ಕೆಳಗೆ ‘ಅಳಿಸಬೇಡಿ’ ಎಂದು ಬರೆದಿದ್ದರು. ಪ್ರತಿ ವಾರವೂ ಆ ಚೌಕ ಇರುತ್ತಿತ್ತು, ಒಳಗಿನ ಲೆಕ್ಕ ಬೇರೆಯದು. ಪ್ರತಿ ವಾರವೂ ಅವನು ಅದರ ಸುತ್ತ ಹುಷಾರಾಗಿ ಒರೆಸುತ್ತಿದ್ದ. ತರಗತಿ ಮುಗಿದ ಮೇಲೆ ಪ್ರಾರ್ಥನಾ ಕೂಟಕ್ಕೆಂದು ಕೊಠಡಿ ಬಿಟ್ಟುಕೊಟ್ಟಿರುವುದೇ ದೊಡ್ಡದು. ಪ್ರೊಫೆಸರರ ಲೆಕ್ಕ ಅಳಿಸಿದರೆ ಮುಂದಿನ ವಾರ ದೇವರಿಗೂ ಜಾಗವಿಲ್ಲ.

“ಏನ್ ಸಾರ್, ಬೇಗ ಬಂದ್ರಿ. ದೇವರು ಇನ್ನೂ ಬಂದಿಲ್ಲ,” ಎಂದ ಕಾವಲುಗಾರ, ಬೀಗದ ಕೈ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ ಬಾಗಿಲಲ್ಲಿ ನಿಂತು. ಅದು ಅವನ ವಾರದ ನಗೆಮಾತು.

“ಬರ್ತಾರೆ ಬಿಡಿ. ಹುಡುಗರು ಬಂದ್ರೆ ಅವರೂ ಬರ್ತಾರೆ.”

“ಆ ಉದ್ದನೆ ಹುಡುಗ ಕಾಣ್ತಾನೇ ಇಲ್ಲ? ಬೆಂಚೆಲ್ಲ ಅವನೇ ಎತ್ತಿ ಇಡ್ತಿದ್ದ. ನೀವು ಎಳೆದ್ರೆ ನೆಲ ಕಿರುಚಿಕೊಳ್ಳುತ್ತೆ.”

“ಅವನ ತಾಯಿ ಹೋಗಿಬಿಟ್ರು.”

ಕಾವಲುಗಾರ ಗೊಂಚಲು ತಿರುಗಿಸುವುದನ್ನು ನಿಲ್ಲಿಸಿದ. “ಪಾಪ. ಏನಾಗಿತ್ತು?”

“ಹುಷಾರಿರಲಿಲ್ಲ.”

“ಮೊದಲೇ ಗೊತ್ತಿತ್ತಾ?”

ಅವನು ಡಸ್ಟರನ್ನು ಕಿಟಕಿಯ ಕಂಬಿಗೆ ಬಡಿದ. ಧೂಳೆದ್ದು ಕೆಮ್ಮು ಬಂತು. ಕೆಮ್ಮು ಬಂದದ್ದು ಒಳ್ಳೆಯದೇ ಆಯಿತು. ಕೆಮ್ಮುವವನ ಹತ್ತಿರ ಯಾರೂ ಉತ್ತರಕ್ಕೆ ಕಾಯುವುದಿಲ್ಲ.

ಅವನು ಪಾದ್ರಿಯಲ್ಲ. ಕಾಲೇಜು ವಿದ್ಯಾರ್ಥಿಗಳ ನಡುವೆ ಸೇವೆ ಮಾಡಲೆಂದೇ ಇರುವ ಒಂದು ಸಣ್ಣ ಸಂಸ್ಥೆಯ ಕೆಲಸಗಾರ. ವಿಶ್ವವಿದ್ಯಾಲಯದ ಆವರಣದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಅಲೆಯುವುದು, ಕ್ಯಾಂಟೀನಿನಲ್ಲಿ ಕೂರುವುದು, ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದವರಿಗೆ ಬ್ರೆಡ್ಡು ತಂದುಕೊಡುವುದು, ಪ್ರಶ್ನೆ ಕೇಳಿದವರ ಜೊತೆ ಮೆಟ್ಟಿಲ ಮೇಲೆ ಕೂತು ಬೈಬಲ್ ವಾಕ್ಯ ಓದುವುದು, ಶುಕ್ರವಾರ ಕೂಟ ನಡೆಸುವುದು, ಇದಿಷ್ಟೇ ಕೆಲಸ. ಮೂವತ್ತೇಳಾದರೂ ಹೆಗಲಿಗೆ ವಿದ್ಯಾರ್ಥಿಗಳಂಥದೇ ಚೀಲ. ‘ಇನ್ನೂ ಕಾಲೇಜು ಮುಗಿಸಲಿಲ್ಲವೇನಯ್ಯಾ’ ಎಂದು ಹೆಂಡತಿಯ ಅಣ್ಣ ಪ್ರತಿ ಸಲ ಕೇಳುತ್ತಾನೆ, ಅವನು ಪ್ರತಿ ಸಲ ನಗುತ್ತಾನೆ. ವಿದ್ಯಾರ್ಥಿಗಳಿಗೆಲ್ಲ ಅವನು ‘ಅಣ್ಣ’. ಅದು ಅವನೇ ರೂಢಿಸಿದ್ದು. ಸರ್ ಅಂದರೆ ದೂರ, ಹೆಸರು ಹಿಡಿದರೆ ತೀರ ಹತ್ತಿರ. ಅಣ್ಣ ಅಂದರೆ ಬೈಯಬಹುದು, ಬೈಸಿಕೊಳ್ಳಬಹುದು, ಹಸಿವಾದಾಗ ಬನ್ನು ಕೊಡಿಸು ಎನ್ನಬಹುದು. ಆ ಪದದ ಹಿಂದೊಂದು ಮನೆ ಇರುತ್ತದೆ, ಮನೆಯಲ್ಲಿ ಒಬ್ಬಳು ತಾಯಿ ಇರುತ್ತಾಳೆ, ಅವಳೂ ಒಂದು ದಿನ ಎದುರು ಬಂದು ಕೂರಬಹುದು ಎಂದು ಅವನು ಯೋಚಿಸಿರಲಿಲ್ಲ.

ಚಿತ್ರವೂ ಅವನು ರೂಢಿಸಿದ್ದೇ. ಅವನಿಗೆ ಅವನ ಕಾಲೇಜು ದಿನಗಳಲ್ಲಿ ಕೂಟ ನಡೆಸುತ್ತಿದ್ದ ಹಿರಿಯರೊಬ್ಬರು ಕಲಿಸಿದ್ದು, ಅವರಿಗೆ ಇನ್ನೊಬ್ಬರು. ಎಡಕ್ಕೊಂದು ದಡ, ಬಲಕ್ಕೊಂದು ದಡ, ನಡುವೆ ಆಳವಾದ ಕಂದಕ. ಈಚೆ ದಡದಲ್ಲಿ ಮನುಷ್ಯ, ಆಚೆ ದಡದಲ್ಲಿ ದೇವರು. ಮನುಷ್ಯ ಏನೇನೋ ಹಲಗೆ ಹಾಕಿ ದಾಟಲು ನೋಡುತ್ತಾನೆ, ಒಳ್ಳೆಯತನ, ಓದು, ದಾನಧರ್ಮ; ಒಂದೂ ಆಚೆಗೆ ಮುಟ್ಟುವುದಿಲ್ಲ. ಕೊನೆಗೆ ಕಂದಕಕ್ಕೆ ಅಡ್ಡಲಾಗಿ ಶಿಲುಬೆಯೊಂದನ್ನು ಎಳೆದರೆ ಅದೇ ಸೇತುವೆ. ಕ್ಯಾಂಟೀನಿನ ಕಾಗದದ ಮೇಲೆ, ಬಸ್ ಟಿಕೆಟ್ಟಿನ ಹಿಂದೆ, ಧೂಳು ಕೂತ ಕಾರಿನ ಗಾಜಿನ ಮೇಲೆ ಕೂಡ ಅವನು ಅದನ್ನು ಬರೆದು ತೋರಿಸಿದ್ದಾನೆ. ಕೂಟದಲ್ಲಿ ಮಾತ್ರ ಅದಕ್ಕೊಂದು ಪದ್ಧತಿ ಇತ್ತು: ಎರಡು ದಡ ಅವನು ಎಳೆಯುತ್ತಾನೆ, ಹೊಸಬರಲ್ಲಿ ಒಬ್ಬರು ಎದ್ದು ಬಂದು ತಾವಿರುವ ಕಡೆ ತಮ್ಮನ್ನು ಬರೆಯಬೇಕು. ಒಂದು ಸೊನ್ನೆ, ಐದು ಕಡ್ಡಿ, ಅಷ್ಟಾದರೆ ಮನುಷ್ಯ. ಎರಡು ವರ್ಷದ ಹಿಂದೆ ಎಲ್ಲರಿಗಿಂತ ಹಿಂದೆ ಕೂತಿದ್ದ ಉದ್ದನೆಯ ಹುಡುಗನೊಬ್ಬ ಎದ್ದು ಬಂದು, ಸೊನ್ನೆಗೆ ಅಕ್ಕಪಕ್ಕ ಎರಡು ದೊಡ್ಡ ಕಿವಿ ಸೇರಿಸಿ, ತಿರುಗಿ ತನ್ನ ಕಿವಿ ಮುಟ್ಟಿ ತೋರಿಸಿದಾಗ ಕೊಠಡಿ ನಕ್ಕಿತ್ತು. ಅವತ್ತಿನಿಂದ ಅವನ ಹೆಸರು ಕಡ್ಡಿ. ಆರು ತಿಂಗಳು ಕಳೆದ ಮೇಲೆ ಒಂದು ಶುಕ್ರವಾರ ಕಡ್ಡಿ ತಾನಾಗಿ ಬೋರ್ಡಿನ ಹತ್ತಿರ ಬಂದು, ಕಿವಿಯವನನ್ನು ಈಚೆಯಿಂದ ಒರೆಸಿ ಆಚೆ ಬರೆದಿದ್ದ. ಆ ಸಲ ಯಾರೂ ನಗಲಿಲ್ಲ. ಇಷ್ಟು ವರ್ಷದ ಅಲೆದಾಟಕ್ಕೆ ಇದೊಂದು ಸಾಕು ಎಂದು ಅಣ್ಣ ಆ ಸಂಜೆ ನಡೆದೇ ಮನೆಗೆ ಹೋಗಿದ್ದ.

ಇವತ್ತು ಬೆಳಿಗ್ಗೆ ಹೆಂಡತಿ ಇಸ್ತ್ರಿ ಮಾಡುತ್ತ ಅಂಗಿಯ ತೋಳನ್ನು ಬೆಳಕಿಗೆ ಹಿಡಿದು ನೋಡಿದಳು. “ಈ ಗುಂಡಿ ಯಾರು ಹಾಕಿದ್ದು?”

“ದರ್ಜಿ ಹಾಕಿದ್ದು.”

“ಬಿಳಿ ಅಂಗಿಗೆ ನೀಲಿ ದಾರ ಹಾಕೋ ದರ್ಜಿ ಯಾರಪ್ಪ? ಆದ್ರೂ ಗಟ್ಟಿ ಹಾಕಿದ್ದಾರೆ. ಅಂಗಿ ಹರಿದ್ರೂ ಗುಂಡಿ ಬಿಡಲ್ಲ.”

ದರ್ಜಿ ಎಂದದ್ದು ಸುಳ್ಳಲ್ಲ. ಅವನು ಸುಳ್ಳು ಹೇಳುವವನಲ್ಲ. ಸುಳ್ಳು ಹೇಳದೆ ಬದುಕುವುದು ಎಷ್ಟು ಸಲೀಸೆಂದು ಇತ್ತೀಚೆಗೆ ತಿಳಿಯುತ್ತಿದೆ. ಕಡ್ಡಿಯ ತಾಯಿ ಬಟ್ಟೆ ಹೊಲಿಯುವವಳು. ಆಕೆ ಅವನನ್ನು ಹುಡುಕಿಕೊಂಡು ಬಂದಿದ್ದು ಪರೀಕ್ಷೆಗೆ ಮುಂಚೆ, ಕಡ್ಡಿ ಪ್ರಯೋಗಶಾಲೆಯಲ್ಲಿರುವ ಹೊತ್ತು ನೋಡಿಕೊಂಡು. ಕೈಯಲ್ಲೊಂದು ಬಟ್ಟೆ ಚೀಲ, ಅದರ ತುಂಬ ಉದ್ದ ಕಡಿಮೆ ಮಾಡಿದ ಪ್ಯಾಂಟುಗಳು, ದಾರಿಯಲ್ಲಿ ಯಾರಿಗೋ ತಲುಪಿಸಬೇಕಾದವು. ಅವನು ಕ್ಯಾಂಟೀನಿನ ಮೂಲೆ ಮೇಜಿಗೆ ಕರೆದುಕೊಂಡು ಹೋದ. ತಾಯಂದಿರು ಹಿಂದೆಯೂ ಬಂದಿದ್ದರು. ನನ್ನ ಮಗನ ತಲೆ ಕೆಡಿಸಬೇಡಿ, ನನ್ನ ಮಗಳನ್ನು ಓದಲು ಬಿಡಿ. ಅಂಥವರಿಗೆ ಹೇಳುವ ಮೆದು ಮಾತುಗಳನ್ನು ಅವನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದಾಗ ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು.

“ನೀವೇನಾ ಅಣ್ಣ? ನಾನು ಯಾರೋ ಗಡ್ಡ ಬಿಟ್ಟವರು ಅಂದ್ಕೊಂಡಿದ್ದೆ. ಅವನ ಬಾಯಲ್ಲಿ ಮೂರು ಹೊತ್ತೂ ಅಣ್ಣ ಹೇಳಿದ್ರು, ಅಣ್ಣ ಹೇಳಿದ್ರು. ಆ ಲೆಕ್ಕದಲ್ಲಿ ನೀವು ನನಗೆ ಹಿರಿಮಗ ಆಗ್ಬೇಕು. ಹೆರೋ ಕಷ್ಟ ಇಲ್ಲದೆ ಸಿಕ್ಕಿರೋ ಮಗ.”

ಚಹಾ ಬಂತು. ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು, ಕುಡಿಯಲಿಲ್ಲ.

“ಮೊನ್ನೆ ನಾನು ಅಳತೆ ಕತ್ತರಿಸೋ ಕಾಗದದ ಮೇಲೆ ನಿಮ್ಮ ಆ ಚಿತ್ರ ಬರ್ದ. ಅವನು ಆ ಕಡೆ, ನನ್ನನ್ನ ಈ ಕಡೆ ನಿಲ್ಲಿಸಿದ್ದಾನೆ. ನಾನಂದೆ, ಮರಿ, ಹಾಗೆ ಬರಿಗೈಲಿ ನಿಲ್ಲಿಸ್ಬೇಡ, ಪಕ್ಕದಲ್ಲಿ ನನ್ನ ಮಿಷನ್ ಆದ್ರೂ ಬರಿ, ಹೊತ್ತು ಹೋಗ್ಬೇಕಲ್ಲ ಅಂತ. ಸಿಟ್ಟು ಬಂತು ಅವನಿಗೆ. ನಗಬೇಡಮ್ಮ ಅಂತಾನೆ.”

ಕೇಳುತ್ತ ತಾನೂ ನಕ್ಕಿರಬೇಕು. ಆಮೇಲೆ ಆಕೆ ಹೇಳಿದ್ದನ್ನು ನೆನೆಯುವಾಗ ಮೊದಲು ನೆನಪಾಗುವುದು ಆ ನಗು. ಹೊಟ್ಟೆಯಲ್ಲಿ ಗಡ್ಡೆ ಇದೆಯಂತೆ. ಡಾಕ್ಟರು ಸಮಯ ಇದೆ ಅನ್ನುತ್ತಾರೆ, ಎಷ್ಟು ಅಂತ ಕೇಳಿದರೆ ತಲೆ ತಗ್ಗಿಸಿ ಚೀಟಿ ಬರೆಯಲು ಶುರು ಮಾಡುತ್ತಾರೆ. “ಪರೀಕ್ಷೆ ಮುಗಿಯೋ ತನಕ ಅವನಿಗೆ ಗೊತ್ತಾಗೋದು ಬೇಡ. ಮುಗಿದ ಮೇಲೆ ನಾನೇ ಹೇಳ್ತೀನಿ, ನಿಧಾನಕ್ಕೆ. ಒಂದೇ ಸಲಕ್ಕೆ ಹೇಳೋ ವಿಷಯ ಅಲ್ಲ ಅದು. ಅದಕ್ಕೇ ಬಂದೆ. ಈ ರಜೆ ಅವನು ಮನೇಲಿ ಇರೋ ಹಾಗೆ ಮಾಡಿ. ನಾನು ಹೇಳಿದ್ರೆ ಯಾಕೆ ಅಂತಾನೆ. ನೀವು ಹೇಳಿದ್ರೆ ಯಾಕೆ ಅನ್ನಲ್ಲ.” ಅವನು ಆಗಲಿ ಎಂದಿದ್ದ. ಎಷ್ಟು ಸುಲಭವಾಗಿ ಎಂದಿದ್ದ! ಆಕೆ ಲೋಟ ಕೆಳಗಿಟ್ಟಳು. “ಇನ್ನೊಂದು. ರಾತ್ರಿ ಮಿಷನ್ನಿಗೆ ಬಟ್ಟೆ ಮುಚ್ಚಿದ ಮೇಲೆ, ಅವನು ಹೇಳ್ತಾನಲ್ಲ ಆ ಹೆಸರು, ನಾನೂ ಹೇಳ್ತೀನಿ. ಯೇಸುವೇ ಅಂತ. ಅಷ್ಟೇ. ಮುಂದೆ ಏನು ಹೇಳ್ಬೇಕೋ ತಿಳಿಯಲ್ಲ. ಮಗ ಆ ಕಡೆ ಇರೋವಾಗ ನಾನೊಬ್ಬಳೇ ಈ ಕಡೆ ನಿಂತು ಏನ್ ಮಾಡ್ಲಿ? ಇದು ನಂಬಿಕೆ ಆಗುತ್ತೋ ಇಲ್ವೋ, ನೀವು ಓದಿದವರು. ಅವನಿಗೆ ಮಾತ್ರ ಹೇಳ್ಬೇಡಿ. ಗೆದ್ದೆ ಅಂತ ಬೀಗ್ತಾನೆ. ಅದನ್ನೂ ನಾನೇ ಹೇಳ್ತೀನಿ.”

ಹೌದು, ಆಗುತ್ತದೆ ಎಂದು ಅನ್ನಬಹುದಿತ್ತು. ಅವನು ವಿವರಿಸಲು ತೊಡಗಿದ. ಮಗನ ಮೇಲಿನ ಪ್ರೀತಿಗೆ ಹೇಳುವುದು ಬೇರೆ, ಅರಿತು ಹೇಳುವುದು ಬೇರೆ, ಪಾಪವೆಂದರೇನು, ಪಶ್ಚಾತ್ತಾಪವೆಂದರೇನು, ಮೊದಲ ವರ್ಷದವರಿಗೆ ಹೇಳುವ ಕ್ರಮದಲ್ಲಿಯೇ, ಒಂದೊಂದೇ ಬೆರಳು ಮಡಿಸುತ್ತ. ಆಕೆ ಗಮನವಿಟ್ಟು ಅವನ ಕೈ ನೋಡುತ್ತಿದ್ದಳು. ಕೇಳುತ್ತಿದ್ದಾಳೆ ಎಂದುಕೊಂಡಿದ್ದ. “ಕೈ ಕೊಡಿ ಇಲ್ಲಿ,” ಎಂದಳು. ಮುಂಗೈಯ ಗುಂಡಿ ಒಂದೆಳೆಯಲ್ಲಿ ನೇತಾಡುತ್ತಿತ್ತು. ಚೀಲದಿಂದ ಸೂಜಿ ತೆಗೆದು, ಅದರಲ್ಲಿ ಪೋಣಿಸಿಯೇ ಇದ್ದ ನೀಲಿ ದಾರದಿಂದ, ಅವನು ಅಂಗಿ ತೊಟ್ಟಿರುವಂತೆಯೇ ಹೊಲಿದಳು. ಅವನು ಪಶ್ಚಾತ್ತಾಪದ ಬಗ್ಗೆ ಹೇಳುತ್ತಲೇ ಇದ್ದ. ಕೊನೆಗೆ ಗುಂಡಿಯ ಬುಡಕ್ಕೆ ದಾರ ಬಿಗಿಯಾಗಿ ಸುತ್ತಿ, ತಲೆ ಬಗ್ಗಿಸಿ, ಅವನ ಮಣಿಕಟ್ಟಿನ ಹತ್ತಿರ ಹಲ್ಲಿನಿಂದ ಕಡಿದಳು. ಆಕೆಯ ಉಸಿರು ತಾಗಿತು. “ಹೂಂ, ಹೇಳಿ,” ಎಂದಳು. ಅವನಿಗೆ ಎಲ್ಲಿಗೆ ನಿಲ್ಲಿಸಿದ್ದೆನೆಂದು ಮರೆತುಹೋಗಿತ್ತು.

“ಅಣ್ಣ, ಎಲ್ಲಿ ಕಳೆದುಹೋದ್ರಿ?” ಗಿಟಾರಿನ ಹುಡುಗಿ ಬಂದಾಗಿತ್ತು. ಕೂಟದ ಹಾಡು, ಹಾಜರಿ, ಬಿಸ್ಕತ್ತು ಎಲ್ಲ ಅವಳದೇ ಉಸ್ತುವಾರಿ. ಪ್ರಾರ್ಥನೆ ಉದ್ದವಾದರೆ ಕಣ್ಣು ಮುಚ್ಚಿಕೊಂಡೇ ಕೆಮ್ಮಿ ಎಚ್ಚರಿಸುವವಳು. ಹಿಂದೆ ಹೊಸಬರು ಏಳೆಂಟು ಜನ, ಬಾಗಿಲಲ್ಲಿ ಒಬ್ಬರನ್ನೊಬ್ಬರು ಮುಂದೆ ದೂಡುತ್ತ ಬಂದರು. “ನಾಚಿಕೆ ಪಡಬೇಡ್ರೋ. ಇಲ್ಲಿ ಯಾರೂ ಅಂಕ ಕೊಡಲ್ಲ,” ಎಂದಳು ಅವಳು. ತಂತಿ ಬಿಗಿಮಾಡುತ್ತ ಅವನ ಹತ್ತಿರ ಬಂದು ದನಿ ತಗ್ಗಿಸಿದಳು. “ಕಡ್ಡಿ ಮೆಸೇಜ್ ಮಾಡಿದ್ದ ಅಣ್ಣ. ಬರ್ತೀನಿ ಅಂದ ಇವತ್ತು. ಏನೂ ಕೇಳ್ಬೇಡಿ ಪಾಪ, ಸುಮ್ನೆ ಇರ್ಲಿ.”

ತಾನು ಇಷ್ಟು ದಿನ ಕಾದದ್ದು ಅವನು ಬರಲೆಂದೋ ಬರದಿರಲೆಂದೋ? ಸಾವಿನ ಮನೆಗೆ ತಾನೂ ಹೋಗಿದ್ದ. ಮಿಷನ್ನಿನ ಮೇಲೆ ಹೂವಿನ ಬಟ್ಟೆ ಮುಚ್ಚಿತ್ತು, ಪಕ್ಕದಲ್ಲಿ ಮುಗಿಯದ ಬಟ್ಟೆಗಳ ರಾಶಿ. ಯಾರೋ ಒಬ್ಬ ಬಾಗಿಲಲ್ಲೇ ನಿಂತು, ತುಂಬ ಸಂಕೋಚದಿಂದ, ತನ್ನ ಪ್ಯಾಂಟು ಸಿಗುವುದೇ ಎಂದು ಕೇಳಿದ. ಮರುದಿನ ಕೆಲಸದ ಸಂದರ್ಶನವಿತ್ತಂತೆ. ಕಡ್ಡಿ ಎದ್ದು ರಾಶಿಯಲ್ಲಿ ಹುಡುಕಿ ಕೊಟ್ಟ. ಒಂದು ಕಾಲಿನ ಅಂಚು ಹೊಲಿದಿತ್ತು, ಇನ್ನೊಂದು ಕಾಲಿಗೆ ಗುಂಡುಸೂಜಿ ಚುಚ್ಚಿತ್ತು. ಬಂದವನು ಹಾಗೇ ಮಡಚಿ ತೆಗೆದುಕೊಂಡು ಹೋದ. ಆ ಮನೆಯಲ್ಲಿ ತಾನು ಪ್ರಾರ್ಥನೆ ಮಾಡಿದೆನೆ, ಮಾಡಿದರೆ ಏನೆಂದು, ಒಂದಕ್ಷರ ನೆನಪಿಲ್ಲ.

ಆಗಲಿ ಎಂದಿದ್ದವನು ಯಾಕೆ ಮಾತು ತಪ್ಪಿದ? ಪರೀಕ್ಷೆ ಮುಗಿಯುವ ದಿನ ಕಡ್ಡಿಯೇ ಬಂದಿದ್ದ. “ಅಮ್ಮ ಯಾಕೋ ಊಟನೇ ಮಾಡ್ತಿಲ್ಲ ಅಣ್ಣ. ಈ ಸಲ ಕೂಟದ ಶಿಬಿರ ಬಿಡ್ಲಾ?” ಬಾಗಿಲು ತಾನಾಗಿ ತೆರೆದಿತ್ತು. ಬಿಡು, ಮನೆಯಲ್ಲಿರು ಎಂದರೆ ಮುಗಿಯುತ್ತಿತ್ತು. “ನೀನಿಲ್ಲದೆ ಹೊಸಬರನ್ನ ಯಾರೋ ನೋಡ್ಕೊಳ್ತಾರೆ? ಹೊರಟ ಮೇಲೆ ಹಿಂದೆ ತಿರುಗಿ ನೋಡೋದಲ್ಲ,” ಎಂದು ಅವನ ಬೆನ್ನು ತಟ್ಟಿದ್ದ. ಡಾಕ್ಟರು ಸಮಯವಿದೆ ಅಂದಿದ್ದಾರಲ್ಲ. ನಾಲ್ಕೇ ದಿನದ ಶಿಬಿರವಲ್ಲವೇ. ಇವು ಆಮೇಲೆ ಹೊಂದಿಸಿಕೊಂಡ ಕಾರಣಗಳು. ಆ ಗಳಿಗೆಯಲ್ಲಿ ಇದ್ದದ್ದು ಭಯ. ರಜೆಯಲ್ಲಿ ಮನೆಯಲ್ಲಿ ಉಳಿದವರು ಉಳಿದೇ ಹೋಗುತ್ತಾರೆ. ಅಂಥ ಎಷ್ಟೋ ಮಂದಿಯನ್ನು ಅವನು ಕಳೆದುಕೊಂಡಿದ್ದ. ಇವನೊಬ್ಬನನ್ನು ಕಳೆದುಕೊಳ್ಳಲಾರೆ ಎನಿಸಿತ್ತು. ಶಿಬಿರದ ನಿಯಮದಂತೆ ಗೇಟಿನಲ್ಲೇ ಎಲ್ಲರ ಫೋನುಗಳನ್ನು ಆರಿಸಿ ಒಂದು ದಿಂಬಿನ ಚೀಲಕ್ಕೆ ಹಾಕಿಸಿಕೊಂಡಿದ್ದು ಅವನೇ. ದೇವರ ದನಿ ಕೇಳಬೇಕಾದರೆ ಬೇರೆ ದನಿಗಳು ಆರಬೇಕು ಎಂದು ಪ್ರತಿವರ್ಷದ ಮಾತು ಆಡಿದ್ದೂ ಅವನೇ. ಚೀಲ ಅವನ ಮಂಚದ ಕೆಳಗಿತ್ತು. ಅವನು ಅದರ ಮೇಲೆ ಮಲಗಿ ನಿದ್ದೆ ಮಾಡಿದ್ದ. ಕಡ್ಡಿಯ ಚಿಕ್ಕಮ್ಮ ಫೋನಿನ ಮೇಲೆ ಫೋನು ಮಾಡಿ, ಕೊನೆಗೆ ಶಿಬಿರವಿದ್ದ ಊರಿನ ಯಾರನ್ನೋ ಹಿಡಿದು, ಅವರು ಸೈಕಲ್ಲಿನಲ್ಲಿ ಬಂದು ಹೇಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಹಾಡು ಶುರುವಾಗಿತ್ತು. ಎರಡನೆಯ ಹಾಡಿನ ನಡುವೆ ಕಡ್ಡಿ ಬಂದು ಹಿಂದಿನ ಬೆಂಚಿನಲ್ಲಿ, ಮೊದಲ ದಿನ ಕೂತಿದ್ದ ಜಾಗದಲ್ಲೇ ಕೂತ. ತಲೆಗೂದಲು ಗಿಡ್ಡ ಮಾಡಿಸಿಕೊಂಡಿದ್ದ, ಕಿವಿ ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. ಹಾಡಲಿಲ್ಲ. ತುಟಿ ಅಲ್ಲಾಡಿಸುತ್ತಲೂ ಇರಲಿಲ್ಲ. ಗಿಟಾರಿನ ಹುಡುಗಿ ತಂತಿ ಅಂಗೈಯಲ್ಲಿ ಮುಚ್ಚಿ, “ಈಗ ಅಣ್ಣ ಒಂದು ಚಿತ್ರ ಬರೀತಾರೆ. ಅವರಿಗೆ ಚಿತ್ರ ಬರಲ್ಲ, ಆದ್ರೂ ನೋಡಿ,” ಎಂದಳು. ಎಲ್ಲರೂ ನಕ್ಕರು. ಬೇರೆ ಏನಾದರೂ ಹೇಳಬಹುದಿತ್ತು. ಅವನ ಕೈ ಆಗಲೇ ಸೀಮೆಸುಣ್ಣ ತೆಗೆದುಕೊಂಡಿತ್ತು. ಎಡದ ದಡ ಎಳೆದ, ಬಲದ ದಡ ಎಳೆದ. ಕಂದಕದ ಗೆರೆ ಕೆಳಗಿಳಿಯುವಾಗ ಸುಣ್ಣ ಕಿರ್ರೆಂದಿತು. ಮಾತುಗಳು ಬಂದವು, ಅವೇ ಮಾತುಗಳು, ನಿಲ್ಲಬೇಕಾದಲ್ಲಿ ನಿಂತು, ಮೆಲ್ಲಗಾಗಬೇಕಾದಲ್ಲಿ ಮೆಲ್ಲಗಾಗಿ. ಒಬ್ಬ ಹೊಸ ಹುಡುಗಿ ಎದ್ದು ಬಂದು ಈಚೆ ಒಂದು ಸೊನ್ನೆ, ಐದು ಕಡ್ಡಿ, ಒಂದು ಜಡೆ ಬರೆದಳು. ಅವನು ಶಿಲುಬೆ ಎಳೆದ. ಎಳೆಯುವಾಗ ಕೈ ಮೇಲೆತ್ತಬೇಕು, ತೋಳು ಹಿಂದಕ್ಕೆ ಸರಿಯಿತು, ನೀಲಿ ದಾರ ಬೆಳಕಿಗೆ ಬಂತು. ಬೆನ್ನ ಮೇಲೆ ಕಡ್ಡಿಯ ಕಣ್ಣು ಇದೆ ಎನಿಸಿತು. ತಿರುಗಿ ನೋಡಿದರೆ ಕಡ್ಡಿ ಅವನನ್ನಲ್ಲ, ಬೋರ್ಡಿನ ಎಡ ದಡವನ್ನು ನೋಡುತ್ತಿದ್ದ, ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ರಶ್ನೆಯನ್ನು ನೋಡುವ ಹಾಗೆ.

ಕೂಟ ಮುಗಿದು, ಬಿಸ್ಕತ್ತು ಮುಗಿದು, ಹೊಸಬರು ಗದ್ದಲವಾಗಿ ಹೊರಟುಹೋದರು. ಗಿಟಾರಿನ ಹುಡುಗಿ ಕಡ್ಡಿಯ ತೋಳನ್ನು ಒಮ್ಮೆ ಒತ್ತಿ ಹಿಡಿದು ಹೊರಟಳು. ಕಡ್ಡಿ ಉಳಿದು ಬೆಂಚುಗಳನ್ನು ಸದ್ದಿಲ್ಲದೆ ಎತ್ತಿ ಸಾಲಿಗೆ ಇಟ್ಟ. ಇಟ್ಟಾದ ಮೇಲೆ ಬೋರ್ಡಿನ ಹತ್ತಿರ ಬಂದು ನಿಂತ.

“ಅಣ್ಣ, ಒಂದು ಕೇಳ್ಲಾ? ಸುತ್ತಿಬಳಸಿ ಹೇಳ್ಬಾರ್ದು.”

“ಕೇಳೋ.”

“ಅಮ್ಮನ್ನ ಎಲ್ಲಿ ಬರೀಲಿ?”

ಕಾರಿಡಾರಿನಲ್ಲಿ ಯಾರೋ ನಲ್ಲಿ ಬಿಟ್ಟು ಬಾಟಲಿ ತುಂಬಿಸಿಕೊಳ್ಳುತ್ತಿದ್ದರು. ಅಣ್ಣ ಬೋರ್ಡಿನ ಕಡೆ ನೋಡುತ್ತ ಮಾತಾಡಿದ. ದೇವರು ನ್ಯಾಯವಂತ. ಕರುಣೆಯೂ ಉಳ್ಳವನು. ಒಬ್ಬರ ಹೃದಯದಲ್ಲಿ ಏನಿತ್ತೆಂದು ನಮಗೆ ಗೊತ್ತಿಲ್ಲ.

“ಗೊತ್ತಿಲ್ಲ ಅಂತ ಬೋರ್ಡ್ ಮೇಲೆ ಬರ್ದಿಲ್ವಲ್ಲ ಅಣ್ಣ,” ಎಂದ ಕಡ್ಡಿ. ದನಿಯಲ್ಲಿ ಚುಚ್ಚು ಇರಲಿಲ್ಲ. ಸೀಮೆಸುಣ್ಣದ ತುಂಡೊಂದನ್ನು ತೆಗೆದುಕೊಂಡು ಬೆರಳುಗಳಲ್ಲಿ ಉರುಳಿಸುತ್ತಿದ್ದ. “ಶಿಬಿರಕ್ಕೆ ಹೊರಡೋ ಹಿಂದಿನ ರಾತ್ರಿ ನಾನು ಅವಳ ಜೊತೆ ಜಗಳ ಆಡಿದೆ. ಏನೋ ಹೇಳ್ಬೇಕು ಕೂತ್ಕೋ ಮರಿ ಅಂದ್ಲು. ನಾನಂದೆ, ಮೊದಲು ನೀನು ಕೇಳು. ನೀನು ದಾಟದೇ ಹೋದ್ರೆ ಸತ್ತ ಮೇಲೆ ನಾವಿಬ್ರೂ ಒಂದೇ ಕಡೆ ಇರಲ್ಲ, ನಿನಗೆ ಪರವಾಗಿಲ್ವಾ ಅಂದೆ. ಹಾಗೇ ಅಂದೆ ಅಣ್ಣ, ಸತ್ತ ಮೇಲೆ ಅಂತ. ನಕ್ಳು. ಹೋಗಿ ಬಾ, ಬಂದ ಮೇಲೆ ನಿನಗೊಂದು ತಮಾಷೆ ಹೇಳ್ತೀನಿ ಅಂದ್ಲು. ಗೋಡೆ ಕಡೆ ತಿರುಗಿ ಮಲಗಿದೆ ನಾನು.”

“ನಿನಗೆ ಗೊತ್ತಿರಲಿಲ್ಲ.”

“ಯಾರಿಗೂ ಗೊತ್ತಿರ್ಲಿಲ್ಲ. ಚಿಕ್ಕಮ್ಮನಿಗೂ ಹೇಳಿಲ್ವಂತೆ. ಡಾಕ್ಟ್ರ ಚೀಟಿ ಎಲ್ಲ ಆಮೇಲೆ ಸಿಕ್ತು. ಅಷ್ಟು ದಿನ ಒಬ್ಬಳೇ ಇಟ್ಕೊಂಡಿದ್ಲಾ ಅಂತ ನೆನೆದ್ರೆ...” ಕಡ್ಡಿ ಸುಣ್ಣವನ್ನು ಉರುಳಿಸುವುದು ನಿಲ್ಲಿಸಿದ. “ಒಬ್ಬರಿಗಾದ್ರೂ ಹೇಳಿರ್ತಾಳೆ ಅನ್ಸುತ್ತೆ ಅಣ್ಣ. ಅವಳಿಗೆ ಸುಮ್ನೆ ಇರೋಕೆ ಬರ್ತಿರ್ಲಿಲ್ಲ. ಗಿರಾಕಿಗಳ ಹತ್ರನೂ ಹರಟೆ. ಯಾರಿಗೆ ಹೇಳಿರ್ತಾಳೆ ಅಂತ ಯೋಚಿಸ್ತಾನೇ ಇರ್ತೀನಿ. ಸಿಕ್ಕಿದ್ರೆ ಅವರ ಹತ್ರ ಕೂತು ಕೇಳ್ಬೇಕು. ಏನೇನು ಅಂದ್ಲು, ಹೇಗೆ ಅಂದ್ಲು.”

ನನಗೆ. ಒಂದೇ ಪದ, ನಾಲಿಗೆಯ ತುದಿಗೆ ಬಂದು ನಿಂತಿತು. ನನಗೆ ಎಂದರೆ ಮುಂದಿನದು ತಾನಾಗಿ ಬರುತ್ತದೆ: ಆ ರಾತ್ರಿಯ ತಮಾಷೆ ಏನೆಂದು, ಮಿಷನ್ನಿಗೆ ಬಟ್ಟೆ ಮುಚ್ಚಿದ ಮೇಲೆ ಆಕೆ ಯಾರನ್ನು ಕರೆಯುತ್ತಿದ್ದಳೆಂದು. ಈ ಹುಡುಗ ಇಲ್ಲಿಯೇ ನೆಲದ ಮೇಲೆ ಕುಸಿದು ಅಳುತ್ತಾನೆ, ಎಷ್ಟೋ ದಿನದಿಂದ ಬಾರದ ಅಳು. ಅತ್ತು ಮುಖ ಒರೆಸಿಕೊಂಡು ಕೇಳುತ್ತಾನೆ, ಯಾವಾಗ ಬಂದಿದ್ದಳು ಅಣ್ಣ? ಪರೀಕ್ಷೆಗೆ ಮುಂಚೆ. ಹಾಗಾದರೆ ನಿಮಗೆ ಗೊತ್ತಿತ್ತು. ಗೊತ್ತಿತ್ತು. ಗೊತ್ತಿದ್ದೂ ನನ್ನ ಬೆನ್ನು ತಟ್ಟಿದಿರಿ. ಗೊತ್ತಿದ್ದೂ ನನ್ನ ಫೋನು ಆರಿಸಿ ಚೀಲಕ್ಕೆ ಹಾಕಿಸಿಕೊಂಡಿರಿ. ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳುವ ದಾರಿ ಇರಲಿಲ್ಲ. ಅವನು ಎಷ್ಟೋ ಹಗಲು ಅದನ್ನೇ ಹುಡುಕಿದ್ದ. ಅವನಿಗೆ ಮಾತ್ರ ಹೇಳಬೇಡಿ ಎಂದು ಆಕೆಯೇ ಕೇಳಿಕೊಂಡಿದ್ದಳಲ್ಲ, ಕೊಟ್ಟ ಮಾತಲ್ಲವೇ? ಹೀಗೆಂದುಕೊಂಡಾಗ ಸ್ವಲ್ಪ ನೆಮ್ಮದಿಯಾಯಿತು. ಆ ನೆಮ್ಮದಿಯಿಂದಲೇ ಅದು ಸುಳ್ಳೆಂದು ತಿಳಿಯಿತು. ಆಕೆಗೆ ಕೊಟ್ಟ ಇನ್ನೊಂದು ಮಾತನ್ನು ಅವನು ಎಷ್ಟು ಹಗುರಾಗಿ ಮುರಿದಿದ್ದ.

“ನೀನು ಊಟ ಮಾಡ್ತಿದ್ದೀಯೇನೋ ಸರಿಯಾಗಿ?” ಎಂದು ಕೇಳಿದ. ಕೇಳಿ, ಕಡ್ಡಿಯ ಹೆಗಲ ಮೇಲೆ ಕೈಯಿಟ್ಟ.

ಕಡ್ಡಿ ಆ ಕೈಯನ್ನು ನೋಡಿದ. ನೋಡುತ್ತಲೇ ಇದ್ದ. ಆಮೇಲೆ ಬೆರಳಿಂದ ಗುಂಡಿಯನ್ನು ಸ್ವಲ್ಪ ಓರೆ ಮಾಡಿ ಅದರ ಬುಡ ನೋಡಿದ. “ನಮ್ಮಮ್ಮನೂ ಹೀಗೇ ಹಾಕ್ತಿದ್ಲು. ಬುಡಕ್ಕೆ ದಾರ ಸುತ್ತಿ. ಬಣ್ಣ ಯಾವುದಾದ್ರೇನು ಗಟ್ಟಿ ಇರ್ಬೇಕು ಅನ್ನೋಳು.” ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗುವಿನಂಥದೇನೋ ಬಂದು ನಿಂತಿತು, ಕಾಯುತ್ತಿರುವಂತೆ. “ಎಲ್ಲಿ ಹಾಕಿಸಿದ್ರಿ ಅಣ್ಣ?”

“ದರ್ಜಿ ಹಾಕಿದ್ದು,” ಎಂದ ಅವನು. ಕೈ ಹಿಂದಕ್ಕೆ ಬಂತು.

“ಓ.” ನಗುವಿನಂಥದು ಹೋಯಿತು. ಕಡ್ಡಿ ಬೋರ್ಡಿನ ಕಡೆ ತಿರುಗಿದ. ಎಡ ದಡದಲ್ಲಿ, ಜಡೆಯ ಹುಡುಗಿಯ ಚಿತ್ರದಿಂದ ಸ್ವಲ್ಪ ದೂರದಲ್ಲಿ, ಒಂದು ಮೇಜು ಬರೆದ, ಮೇಜಿನ ಮೇಲೆ ಮಿಷನ್ನು, ಅದರ ಪಕ್ಕದ ಚಕ್ರ, ಕೆಳಗೆ ಕಾಲಿಡುವ ಹಲಗೆ, ಅದರ ಜಾಲರಿಯನ್ನೂ ಬಿಡದೆ. ಅದರ ಮುಂದೆ ಒಂದು ಸೊನ್ನೆ, ಐದು ಕಡ್ಡಿ. ಆಮೇಲೆ ಪಕ್ಕದಲ್ಲಿ ಇನ್ನೊಂದು ಸೊನ್ನೆ ಬರೆದು, ಅದಕ್ಕೆ ಎರಡು ದೊಡ್ಡ ಕಿವಿ ಸೇರಿಸಿದ.

“ನಾನಿನ್ನು ಬರಲ್ಲ ಅಣ್ಣ. ನಿಮ್ಮ ಮೇಲೆ ಕೋಪ ಇಲ್ಲ. ದೇವರ ಮೇಲೂ ಇಲ್ಲ. ಅವಳು ಒಂದು ಸಲನಾದ್ರೂ ಆ ಕಡೆ ನೋಡಿದ್ಲು ಅಂತ ಯಾರಾದ್ರೂ ಹೇಳಿದ್ರೆ ನಾನೂ ಇರ್ತಿದ್ದೆ. ಅವಳು ಈ ಕಡೆ ಅಂದ್ರೆ ನಾನೂ ಈ ಕಡೆ. ಒಬ್ಬಳನ್ನೇ ಹೇಗೆ ಬಿಡೋದು? ಈಗಾಗ್ಲೇ ಒಂದ್ಸಲ ಬಿಟ್ಟಿದ್ದೀನಿ.” ಸುಣ್ಣದ ತುಂಡನ್ನು ಅದರ ತಟ್ಟೆಯಲ್ಲಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಹೊರಡುವಾಗ ಮಾಮೂಲಿನಂತೆ ತಬ್ಬಿಕೊಂಡ. ಅವನ ಮೂಳೆಗಳು ತಾಗಿದವು. “ಬರ್ತೀನಿ ಅಣ್ಣ,” ಎಂದ. ಹೋಗುವಾಗ ಎಲ್ಲರೂ ಹಾಗೇ ತಾನೆ ಅನ್ನುವುದು.

ಹೆಜ್ಜೆಯ ಸದ್ದು ಮೆಟ್ಟಿಲಿಳಿಯಿತು. ಆಕೆ ಹಿರಿಮಗನೆಂದಿದ್ದ ಅಣ್ಣ ಕಿಟಕಿಯ ಹತ್ತಿರ ಹೋಗಿ ನಿಂತ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಕಡ್ಡಿ ಸೈಕಲ್ಲಿನ ಬೀಗ ತೆಗೆಯುತ್ತಿದ್ದ. ಬೀಗ ಸಿಕ್ಕಿಕೊಂಡಿತ್ತು, ತುಂಬ ಹೊತ್ತು ಬಗ್ಗಿ ಅದನ್ನು ಅಲ್ಲಾಡಿಸುತ್ತಿದ್ದ. ದೇವರು ಇಷ್ಟು ಹೊತ್ತು ಕೊಡುವುದೂ ಉಂಟು ಎಂದು ಅವನಿಗೆ ಅನ್ನಿಸಿತು. ಬೀಗ ಬಿಟ್ಟಿತು. ಸೈಕಲ್ಲು ಮರಗಳ ಸಾಲು ದಾಟಿ, ಗೇಟು ದಾಟಿ, ರಸ್ತೆಯ ಜನರಲ್ಲಿ ಸೇರಿತು.

“ಮುಗೀತಾ ಸಾರ್?” ಕಾವಲುಗಾರ ಬಂದ. ಬೋರ್ಡು ನೋಡಿದ. “ಹೊಲಿಗೆ ಮಿಷನ್ ಚೆನ್ನಾಗಿ ಬರ್ದಿದ್ದಾರೆ ಯಾರೋ.” ಅವನು ಡಸ್ಟರು ಹಿಡಿದು ನಿಂತೇ ಇರುವುದನ್ನು ಕಂಡು, “ಕೊಡಿ, ನಾನು ಒರೆಸ್ತೀನಿ, ಹೊತ್ತಾಯ್ತು,” ಎಂದು ಕೈಯಿಂದ ತೆಗೆದುಕೊಂಡ. ಎರಡು ದಡ, ಕಂದಕ, ಶಿಲುಬೆ, ಜಡೆಯ ಹುಡುಗಿ, ಮಿಷನ್ನು, ತಾಯಿ, ಕಿವಿಯವನು, ಎಲ್ಲ ಒಂದೇ ಬಿಳಿ ಮಬ್ಬಾದವು. ಮೂಲೆಯ ಚೌಕದ ಸುತ್ತ ಮಾತ್ರ ಕಾವಲುಗಾರ ಹುಷಾರಾಗಿ ಒರೆಸಿದ.

ಆಕೆ ಬಂದಿದ್ದಳೆಂದು, ತನ್ನೆದುರು ಕೂತು ಆ ಹೆಸರು ಹೇಳಿದ್ದಳೆಂದು, ಮಗನಿರುವ ಕಡೆಗೇ ಹೊರಟಿದ್ದಳೆಂದು ಅವನು ಕಡ್ಡಿಗೆ ಅವತ್ತು ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.